ಆಶ್ರಯದ ಅರ್ಜಿ ವಜಾ ಆದಾಗ: ಕೋರ್ಟು ಏನು ನೋಡುತ್ತದೆ, ಊರಿನಲ್ಲಿರುವ ಮನೆಯವರು ಏನು ಮಾಡಬೇಕು

ಬಗರ್‌ಹುಕುಂ ಅರ್ಜಿ ವಜಾ ಆಗಿ ಹೈಕೋರ್ಟಿಗೆ ಹೋದವರಿಗೆ ಒಂದು ಸಂಗತಿ ಅನುಭವದಿಂದಲೇ ಗೊತ್ತಿರುತ್ತದೆ. ಹೈಕೋರ್ಟು ಜಮೀನು ಮಂಜೂರು ಮಾಡುವುದಿಲ್ಲ. ನಮೂನೆ 57ರ ಅರ್ಜಿಯನ್ನು ಸಮಿತಿ ಸರಿಯಾಗಿ ನೋಡಿತೇ, ಅರ್ಜಿದಾರನ ಮಾತು ಕೇಳಿತೇ, ಹಿಂಬರಹದಲ್ಲಿ ಕಾರಣ ಬರೆಯಿತೇ ಎಂದು ವಿಚಾರಿಸುತ್ತದೆ. ತಪ್ಪು ಕಂಡರೆ ಹಿಂಬರಹ ರದ್ದುಮಾಡಿ, ಮತ್ತೆ ಪರಿಶೀಲಿಸಿ ಎಂದು ಕಡತವನ್ನು ಕೆಳಗೆ ಕಳಿಸುತ್ತದೆ. ಇದೇ ನ್ಯಾಯಾಂಗ ಪರಿಶೀಲನೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಮಕ್ಕಳು ಓದಿಗೋ ಕೆಲಸಕ್ಕೋ ಹೊರದೇಶಕ್ಕೆ ಹೋಗುವ ಕಾಲ ಇದು. ಅಲ್ಲಿ ಯಾರಾದರೂ 'ಊರಿಗೆ ಹೋದರೆ ರಾಜಕೀಯ ದ್ವೇಷದಿಂದ ನನ್ನ ಜೀವಕ್ಕೆ ಅಪಾಯವಿದೆ, ಆಶ್ರಯ ಕೊಡಿ' ಎಂದು ಅರ್ಜಿ ಹಾಕಿ, ಅದು ವಜಾ ಆದರೆ ಮುಂದೇನು? ಅಲ್ಲಿನ ಕೋರ್ಟು ಮಾಡುವುದೂ ಇಂಥದ್ದೇ ಪರಿಶೀಲನೆ. ಕೆನಡಾದ ಪದ್ಧತಿಯನ್ನು ಮುಖ್ಯವಾಗಿಟ್ಟುಕೊಂಡು, ಮನೆಯವರಿಗೆ ಅರ್ಥವಾಗುವಂತೆ ಇಲ್ಲಿ ವಿವರಿಸಿದ್ದೇನೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಅಲ್ಲಿನ ನ್ಯಾಯಾಧೀಶರು ಓದುವುದು ಕಡತವನ್ನು. ಮೊದಲ ದಿನ ಬರೆದ ಹೇಳಿಕೆ ಮತ್ತು ಅದರ ಜೊತೆ ಸೇರಿಸಿದ ಕಾಗದಗಳೇ ಕೊನೆಯವರೆಗೂ ನಿಲ್ಲುತ್ತವೆ. ಆ ಕಾಗದಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಬೇಕಾದ್ದು ನಮ್ಮ ಊರಿನಿಂದ.

ಅರ್ಜಿ ಸಾಗುವ ದಾರಿ

ಕೆನಡಾದಲ್ಲಿ ಆಶ್ರಯದ ಅರ್ಜಿಯನ್ನು ತೀರ್ಮಾನಿಸುವುದು ವಲಸೆ ಮತ್ತು ನಿರಾಶ್ರಿತರ ಮಂಡಳಿ. ಎಲ್ಲರೂ ಅದನ್ನು ಐಆರ್‌ಬಿ ಎನ್ನುತ್ತಾರೆ. ಹೀಗೆ ಅರ್ಜಿ ಹಾಕಿದವರ ಮಾತನ್ನು ಎದುರಿಗೆ ಕೂರಿಸಿ ಕೇಳಲೇಬೇಕು ಎಂಬ ಹಕ್ಕು ಅಲ್ಲಿ ಬೇರೂರಿದ್ದು 1985ರ ಏಪ್ರಿಲ್ 4ರಂದು, 'ಸಿಂಗ್' ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನಿಂದ. ಆ ತೀರ್ಪಿನ ಹೆಸರಲ್ಲಿರುವ ಸಿಂಗ್, ಸಿಖ್ ಅರ್ಜಿದಾರರೊಬ್ಬರು.

ಹಂತಗಳು ಹೀಗಿವೆ:

1. ಮಂಡಳಿಯ ರಕ್ಷಣಾ ವಿಭಾಗ ಅರ್ಜಿದಾರನನ್ನು ವಿಚಾರಣೆ ಮಾಡಿ ತೀರ್ಮಾನಿಸುತ್ತದೆ. ದುಭಾಷಿಯನ್ನು ಮಂಡಳಿಯೇ ಒದಗಿಸುತ್ತದೆ, ಅದಕ್ಕೆ ದುಡ್ಡಿಲ್ಲ.

2. ಅರ್ಜಿ ವಜಾ ಆದರೆ ಅದೇ ಮಂಡಳಿಯ ಮೇಲ್ಮನವಿ ವಿಭಾಗಕ್ಕೆ ಹೋಗಬಹುದು. ಈ ವಿಭಾಗ ಶುರುವಾದದ್ದು 2012ರ ಡಿಸೆಂಬರ್‌ನಲ್ಲಿ. ಲಿಖಿತ ಕಾರಣ ಕೈಗೆ ಬಂದ 15 ದಿನದೊಳಗೆ ಮೇಲ್ಮನವಿಯ ನೋಟಿಸ್ ಕೊಡಬೇಕು. ಹೊಸ ಸಾಕ್ಷ್ಯಕ್ಕೆ ಬಾಗಿಲು ಬಹಳ ಕಿರಿದು. ವಜಾ ಆದ ಮೇಲೆ ಹುಟ್ಟಿದ ಕಾಗದ ಅಥವಾ ಮೊದಲೇ ಒದಗಿಸಲು ಸಹಜವಾಗಿ ಸಾಧ್ಯವಿರದಿದ್ದ ಕಾಗದ ಮಾತ್ರ ನಡೆಯುತ್ತದೆ.

3. ಅಲ್ಲೂ ವಜಾ ಆದರೆ ಫೆಡರಲ್ ಕೋರ್ಟು. ಇಲ್ಲಿಂದ ನ್ಯಾಯಾಂಗ ಪರಿಶೀಲನೆ ಆರಂಭ.

ಎಲ್ಲರಿಗೂ ಎರಡನೆಯ ಹಂತ ಸಿಗುವುದಿಲ್ಲ. 'ನಂಬತಕ್ಕ ಆಧಾರವೇ ಇಲ್ಲ' ಅಥವಾ 'ಸ್ಪಷ್ಟವಾಗಿ ಹುರುಳಿಲ್ಲದ್ದು' ಎಂದು ರಕ್ಷಣಾ ವಿಭಾಗ ಬರೆದರೆ ಮೇಲ್ಮನವಿ ಇಲ್ಲ, ನೇರ ಫೆಡರಲ್ ಕೋರ್ಟಿಗೇ ಹೋಗಬೇಕು. ಆದ್ದರಿಂದ ವಜಾ ಆದೇಶದ ಕೊನೆಯ ಸಾಲನ್ನು ವಕೀಲರಿಂದ ಓದಿಸಿ, ಆ ಎರಡು ಮಾತು ಇವೆಯೇ ಎಂದು ಕೇಳಿ.

ಹದಿನೈದು ದಿನದ ಲೆಕ್ಕ

ಕೆನಡಾದೊಳಗೆ ಆದ ತೀರ್ಮಾನವಾದರೆ, ಅದು ಕೈಗೆ ತಲುಪಿದ 15 ದಿನದೊಳಗೆ ಫೆಡರಲ್ ಕೋರ್ಟಿನಲ್ಲಿ ಅರ್ಜಿ ಸಲ್ಲಿಸಬೇಕು. ಹೊರಗೆ ಆದ ತೀರ್ಮಾನಕ್ಕೆ 60 ದಿನ. ದಾಖಲು ಶುಲ್ಕ 50 ಕೆನಡಾ ಡಾಲರ್. ಗಡುವು ಮೀರಿದರೆ ವಿಶೇಷ ಕಾರಣ ತೋರಿಸಿ ಮನ್ನಿಸಿ ಎಂದು ಕೇಳಬಹುದು, ಕೊಡುವುದು ಬಿಡುವುದು ಕೋರ್ಟಿನ ವಿವೇಚನೆ.

ಈ ಅರ್ಜಿಯನ್ನು ಕೋರ್ಟು ನೇರವಾಗಿ ವಿಚಾರಣೆಗೆ ತೆಗೆದುಕೊಳ್ಳುವುದಿಲ್ಲ. ಮೊದಲು ಅನುಮತಿ ಬೇಕು. ವಾದದ ಕಡತವನ್ನು ಪೂರ್ಣಗೊಳಿಸಲು ನಿಯಮದಲ್ಲಿ 30 ದಿನ ಇತ್ತು. ಅರ್ಜಿಗಳ ಹೊರೆ ಏರಿದ್ದರಿಂದ 2025ರ ಮೇ ತಿಂಗಳಲ್ಲಿ ಕೋರ್ಟು ಅದನ್ನು 75 ದಿನಕ್ಕೆ ಹಿಗ್ಗಿಸಿತು. ಕಡತ ಓದಿ ಒಬ್ಬ ನ್ಯಾಯಾಧೀಶರು ಅನುಮತಿ ಕೊಡುತ್ತಾರೆ ಅಥವಾ ನಿರಾಕರಿಸುತ್ತಾರೆ. ನಿರಾಕರಿಸಿದರೆ ಸಾಮಾನ್ಯವಾಗಿ ಕಾರಣ ಬರೆಯುವುದಿಲ್ಲ, ಅದರ ಮೇಲೆ ಮೇಲ್ಮನವಿಯೂ ಇಲ್ಲ. ಅನುಮತಿ ಸಿಕ್ಕರೆ 30ರಿಂದ 90 ದಿನದೊಳಗೆ ವಿಚಾರಣೆ ನಡೆಯುತ್ತದೆ.

ಇಲ್ಲಿ ಅರ್ಜಿದಾರನ ಪರವಾಗಿ ವಾದಿಸಬಹುದಾದವರು ವಕೀಲರು ಮಾತ್ರ. ಪರವಾನಗಿ ಇರುವ ವಲಸೆ ಸಲಹೆಗಾರರಿಗೂ ಫೆಡರಲ್ ಕೋರ್ಟಿನಲ್ಲಿ ವಾದಿಸುವ ಅಧಿಕಾರವಿಲ್ಲ. 'ಎಲ್ಲ ನಾನೇ ನೋಡಿಕೊಳ್ಳುತ್ತೇನೆ' ಎನ್ನುವವರ ಹೆಸರು ಆ ಪ್ರಾಂತ್ಯದ ವಕೀಲರ ಸಂಘದ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಿ. ಒಂಟಾರಿಯೊ, ಬ್ರಿಟಿಷ್ ಕೊಲಂಬಿಯಾದಂಥ ಪ್ರಾಂತ್ಯಗಳಲ್ಲಿ ಕೈಲಾಗದವರಿಗೆ ಸರ್ಕಾರಿ ಕಾನೂನು ನೆರವು ಇದೆ. ಮಗ ಅಥವಾ ಮಗಳು ಆ ನೆರವಿಗೆ ಅರ್ಜಿ ಹಾಕಿದ್ದಾರೆಯೇ ಎಂದು ವಿಚಾರಿಸಿ.

ರಾಜಕೀಯ ಕಿರುಕುಳ ಎಂದರೆ ಯಾವುದು?

1951ರ ವಿಶ್ವಸಂಸ್ಥೆ ಒಪ್ಪಂದದ ಪ್ರಕಾರ ಆಶ್ರಯಕ್ಕೆ ಐದು ಕಾರಣಗಳಿವೆ: ಜನಾಂಗ, ಧರ್ಮ, ರಾಷ್ಟ್ರೀಯತೆ, ಒಂದು ನಿರ್ದಿಷ್ಟ ಸಾಮಾಜಿಕ ಗುಂಪಿಗೆ ಸೇರಿರುವುದು, ರಾಜಕೀಯ ಅಭಿಪ್ರಾಯ. ರಾಜಕೀಯ ಅಭಿಪ್ರಾಯ ಎಂದಾಕ್ಷಣ ಪಕ್ಷದ ಸದಸ್ಯತ್ವದ ಚೀಟಿ ಬೇಕೆಂದು ಅನೇಕರು ತಿಳಿದಿದ್ದಾರೆ. ಹಾಗಿಲ್ಲ. 1993ರ 'ವಾರ್ಡ್' ತೀರ್ಪಿನಲ್ಲಿ ಕೆನಡಾದ ಸುಪ್ರೀಂ ಕೋರ್ಟು, ಸರ್ಕಾರದ ಯಂತ್ರ ಕೈಹಾಕಬಹುದಾದ ಯಾವುದೇ ವಿಷಯದ ಮೇಲಿನ ಅಭಿಪ್ರಾಯವೂ ರಾಜಕೀಯವೇ ಎಂದಿತು. ಆ ಅಭಿಪ್ರಾಯ ನಿಮ್ಮದೇ ಆಗಿರಬೇಕೆಂದೂ ಇಲ್ಲ. ಹಿಂಸಿಸುವವರು ಅದನ್ನು ನಿಮ್ಮ ತಲೆಗೆ ಕಟ್ಟಿದ್ದರೆ ಸಾಕು.

2000ದಲ್ಲಿ 'ಕ್ಲಿಂಕೋ' ಪ್ರಕರಣ ಬಂತು. ಅಧಿಕಾರಿಗಳ ಭ್ರಷ್ಟಾಚಾರದ ವಿರುದ್ಧ ದೂರು ಕೊಟ್ಟು ಹಿಂಸೆಗೆ ಸಿಕ್ಕಿದ್ದ ಉಕ್ರೇನಿನ ವ್ಯಾಪಾರಿಯ ಅರ್ಜಿ ಮಂಡಳಿಯಲ್ಲಿ ವಜಾ ಆಗಿತ್ತು. ವ್ಯಾಪಕ ಭ್ರಷ್ಟಾಚಾರವನ್ನು ಬಯಲಿಗೆಳೆಯುವುದೂ ರಾಜಕೀಯ ಅಭಿಪ್ರಾಯವೇ ಎಂದು ಫೆಡರಲ್ ಮೇಲ್ಮನವಿ ನ್ಯಾಯಾಲಯ ಹೇಳಿತು. ಮಂಡಳಿ ಕಾನೂನನ್ನು ಕಿರಿದಾಗಿ ಓದಿದರೆ ಪರಿಶೀಲನೆಯಲ್ಲಿ ಅದು ನಿಲ್ಲುವುದಿಲ್ಲ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ನಮ್ಮ ಕಡೆಗೆ ಹೊಂದಿಸಿ ನೋಡಿ. ತುಂಗಭದ್ರೆಯ ದಡದಲ್ಲಿ ಅಕ್ರಮ ಮರಳು ಸಾಗಣೆಯ ವಿರುದ್ಧ ದೂರು ಕೊಟ್ಟವನಿಗೆ ಬೆದರಿಕೆ ಬಂದು, ಪೊಲೀಸರು ದೂರು ತೆಗೆದುಕೊಳ್ಳದೇ ಹೋದರೆ ಅದು ಈ ವ್ಯಾಪ್ತಿಗೆ ಬರಬಹುದು. ಬದುವಿನ ಜಗಳ, ಬಡ್ಡಿ ಸಾಲ, ದಾಯಾದಿಗಳ ಹೊಡೆದಾಟ ಬರುವುದಿಲ್ಲ. ಎದುರಾಳಿ ಒಂದು ಪಕ್ಷದ ಮುಖಂಡ ಎಂಬ ಮಾತ್ರಕ್ಕೆ ಆಸ್ತಿ ಜಗಳ ರಾಜಕೀಯ ಕಿರುಕುಳ ಆಗುವುದಿಲ್ಲ. ಯಾಕೆ ಹೊಡೆದರು ಎಂಬ ಪ್ರಶ್ನೆಗೆ ಬರುವ ಉತ್ತರದಲ್ಲಿ ಅಭಿಪ್ರಾಯ ಇರಬೇಕು. ಜೀವಕ್ಕೇ ನೇರ ಅಪಾಯ ಅಥವಾ ಚಿತ್ರಹಿಂಸೆಯ ಭಯವಿದ್ದರೆ ಆ ಐದು ಕಾರಣ ಇಲ್ಲದಿದ್ದರೂ ರಕ್ಷಣೆ ಕೇಳಲು ಬೇರೊಂದು ಕಲಮು ಇದೆ. ಅದನ್ನೂ ಅರ್ಜಿಯಲ್ಲಿ ಎತ್ತಿದ್ದಾರೆಯೇ ಎಂದು ಕೇಳಿ.

'ಬೇರೆ ಊರಿಗೆ ಹೋಗಿ ಬದುಕಬಹುದಲ್ಲ?'

ಭಾರತೀಯರ ಅರ್ಜಿಗಳು ಹೆಚ್ಚಾಗಿ ಎಡವುವುದು ಈ ಪ್ರಶ್ನೆಯಲ್ಲಿ. ದೊಡ್ಡ ದೇಶ. ನಿನ್ನ ತಾಲ್ಲೂಕಿನಲ್ಲಿ ಅಪಾಯವಿದ್ದರೆ ಇನ್ನೊಂದು ರಾಜ್ಯದಲ್ಲಿ ಯಾಕೆ ಇರಬಾರದು? ಪಂಜಾಬಿನಿಂದ ಹೋದವರಿಗೆ ಮಂಡಳಿ ಮುಂಬೈ, ದೆಹಲಿ, ಕೊಲ್ಕತ್ತದ ಜೊತೆಗೆ ನಮ್ಮ ಬೆಂಗಳೂರನ್ನೂ ತೋರಿಸುತ್ತದೆ. ನಮ್ಮವರಿಗೆ ಮುಂಬೈಯನ್ನೋ ದೆಹಲಿಯನ್ನೋ ತೋರಿಸಬಹುದು.

ಇದಕ್ಕೆ ಎರಡು ಮೆಟ್ಟಿಲಿನ ಪರೀಕ್ಷೆಯಿದೆ. ಶ್ರೀಲಂಕಾದ ತಮಿಳರ 'ರಸರತ್ನಂ' ಮತ್ತು 'ತಿರುನಾವುಕ್ಕರಸು' ಪ್ರಕರಣಗಳಲ್ಲಿ, 1990ರ ದಶಕದ ಆರಂಭದಲ್ಲಿ ಅದು ರೂಪುಗೊಂಡಿತು. ಮೊದಲನೆಯದು, ಆ ಊರಿನಲ್ಲಿ ಹಿಂಸೆಗೆ ಸಿಕ್ಕುವ ಗಂಭೀರ ಸಾಧ್ಯತೆ ಇದೆಯೇ? ಎರಡನೆಯದು, ಈತನ ಪರಿಸ್ಥಿತಿಯಲ್ಲಿ ಅಲ್ಲಿಗೆ ಹೋಗು ಎನ್ನುವುದು ನ್ಯಾಯವೇ? ಎರಡನೆಯ ಮೆಟ್ಟಿಲು ಬಹಳ ಎತ್ತರ. ಭಾಷೆ ಬಾರದು, ಕೆಲಸ ಸಿಗುವುದು ಕಷ್ಟ, ನೆಂಟರಿಲ್ಲ ಎಂದರೆ ಸಾಲದು. ಅಲ್ಲಿನ ಪರಿಸ್ಥಿತಿ ಜೀವಕ್ಕೂ ಭದ್ರತೆಗೂ ಧಕ್ಕೆ ತರುವಂಥದ್ದು ಎಂದು ಸಾಕ್ಷ್ಯ ಸಮೇತ ತೋರಿಸಬೇಕು.

ಹಾಗಾಗಿ ಹೆಚ್ಚಿನ ವಾದವೆಲ್ಲ ಮೊದಲ ಮೆಟ್ಟಿಲಿನ ಮೇಲೆ. ಹಿಂಸಿಸುವವರಿಗೆ ಬೇರೆ ರಾಜ್ಯದವರೆಗೂ ಹುಡುಕಿ ಬರುವ ಶಕ್ತಿ ಇದೆಯೇ, ಹುಡುಕುವ ಹಟ ಇದೆಯೇ ಎಂದು ಮಂಡಳಿ ಕೇಳುತ್ತದೆ. ಬಾಡಿಗೆದಾರರ ಪೊಲೀಸ್ ನೋಂದಣಿ, ಠಾಣೆಗಳನ್ನು ಜೋಡಿಸಿರುವ ಕಂಪ್ಯೂಟರ್ ಜಾಲ ಎಲ್ಲವೂ ಚರ್ಚೆಗೆ ಬರುತ್ತವೆ. ಮಗ ಊರು ಬಿಟ್ಟ ಮೇಲೂ ಮನೆಗೆ ಯಾರಾದರೂ ಬಂದು ವಿಚಾರಿಸಿದ್ದರೆ ಅದು ಇಲ್ಲಿ ತುಂಬ ಮುಖ್ಯ. ಯಾವ ದಿನ, ಯಾರು, ಏನೆಂದು ಕೇಳಿದರು, ಯಾರು ನೋಡಿದರು ಎಂಬುದನ್ನು ನಡೆದ ದಿನವೇ ಬರೆದಿಡಿ. ಬಾರದೇ ಇದ್ದರೆ ಬಂದರೆಂದು ಬರೆಯಬೇಡಿ.

ಕೋರ್ಟು ಹಿಡಿಯುವ ತಪ್ಪುಗಳು

2019ರ ಡಿಸೆಂಬರ್ 19ರ 'ವಾವಿಲೋವ್' ತೀರ್ಪು ಇವತ್ತಿನ ಅಳತೆಗೋಲು. ತೀರ್ಮಾನ ತರ್ಕಬದ್ಧವಾಗಿದೆಯೇ, ಕಾರಣಗಳು ಒಂದಕ್ಕೊಂದು ಕೂಡುತ್ತವೆಯೇ, ಓದಿದವನಿಗೆ ಅರ್ಥವಾಗುತ್ತವೆಯೇ ಎಂದು ಕೋರ್ಟು ನೋಡುತ್ತದೆ. 'ನಾನಾಗಿದ್ದರೆ ಬೇರೆ ತೀರ್ಮಾನ ಕೊಡುತ್ತಿದ್ದೆ' ಎಂಬ ಕಾರಣಕ್ಕೆ ನ್ಯಾಯಾಧೀಶರು ಆದೇಶವನ್ನು ರದ್ದುಮಾಡುವುದಿಲ್ಲ. ವಾದಕ್ಕೆ ನಿಲ್ಲುವ ತಪ್ಪುಗಳು ಸಾಮಾನ್ಯವಾಗಿ ಇವು:

* ಮುಖ್ಯ ಸಾಕ್ಷ್ಯವನ್ನು ಮುಟ್ಟದೇ ಬಿಟ್ಟಿರುವುದು. ಮಂಡಳಿಯ ತೀರ್ಮಾನಕ್ಕೆ ನೇರ ವಿರುದ್ಧವಾದ ಕಾಗದ ಕಡತದಲ್ಲಿದ್ದು, ಆದೇಶದಲ್ಲಿ ಅದರ ಹೆಸರೂ ಇಲ್ಲದಿದ್ದರೆ ಅದನ್ನು ಓದಿಲ್ಲ ಎಂದು ಕೋರ್ಟು ತಿಳಿಯಬಹುದು.
* ಪ್ರಮಾಣ ಮಾಡಿ ಹೇಳಿದ ಮಾತನ್ನು ಕಾರಣವಿಲ್ಲದೆ ಸುಳ್ಳೆಂದಿರುವುದು. 1979ರ 'ಮಾಲ್ಡೊನಾಡೊ' ತೀರ್ಪಿನಂತೆ, ಸಂಶಯಕ್ಕೆ ಕಾರಣ ಇಲ್ಲದಿದ್ದರೆ ಪ್ರಮಾಣದ ಮಾತನ್ನು ನಿಜವೆಂದೇ ಹಿಡಿಯಬೇಕು.
* ಸಣ್ಣಪುಟ್ಟ ವ್ಯತ್ಯಾಸವನ್ನೇ ದೊಡ್ಡದು ಮಾಡಿ ಇಡೀ ಅರ್ಜಿಯನ್ನು ತಳ್ಳಿರುವುದು.
* ರಾಜಕೀಯ ಅಭಿಪ್ರಾಯದ ಅರ್ಥವನ್ನೋ ಬೇರೆ ಊರಿನ ಪರೀಕ್ಷೆಯನ್ನೋ ತಪ್ಪಾಗಿ ಅನ್ವಯಿಸಿರುವುದು.
* ದುಭಾಷಿಯ ತಪ್ಪಿನಿಂದ ಮಾತು ಬೇರೆಯಾಗಿ ದಾಖಲಾಗಿರುವುದು, ಅಥವಾ ಎದುರಿಗಿಟ್ಟ ಆಕ್ಷೇಪಕ್ಕೆ ಉತ್ತರಿಸಲು ಅವಕಾಶ ಕೊಡದಿರುವುದು.

ಗೆದ್ದರೆ ಸಿಗುವುದು ಆಶ್ರಯವಲ್ಲ, ಮಂಡಳಿಯ ಬೇರೊಬ್ಬ ಸದಸ್ಯರ ಮುಂದೆ ಮರುವಿಚಾರಣೆ. ಸೋತರೆ ಇನ್ನೂ ಮೇಲಕ್ಕೆ ಹೋಗಲು, ಎಲ್ಲರಿಗೂ ಮುಖ್ಯವಾದ ಕಾನೂನಿನ ಪ್ರಶ್ನೆಯೊಂದು ಇದೆ ಎಂದು ಅದೇ ನ್ಯಾಯಾಧೀಶರು ಪ್ರಮಾಣೀಕರಿಸಬೇಕು. ಅದು ಅಪರೂಪ.

ಊರಿನಿಂದ ಹೋಗಬೇಕಾದ ಕಾಗದಗಳು

ಕೋರ್ಟಿನ ಹಂತದಲ್ಲಿ ಹೊಸ ಸಾಕ್ಷ್ಯ ಸಾಮಾನ್ಯವಾಗಿ ನಡೆಯದು. ಅದಕ್ಕೇ ಮಂಡಳಿಯ ಮೊದಲ ವಿಚಾರಣೆಗೆ ಮುಂಚೆಯೇ ಇವನ್ನು ಕಳಿಸಿ.

*ಪೊಲೀಸ್ ಮತ್ತು ಕೋರ್ಟು.* ಎಫ್‌ಐಆರ್ ಆಗಿದ್ದರೆ ದೂರುದಾರನಿಗೆ ಅದರ ಪ್ರತಿ ಉಚಿತವಾಗಿ ಸಿಗಬೇಕು. ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿ ಕಚೇರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ ಪ್ರತಿ ಮತ್ತು ಅಂಚೆ ರಸೀದಿಯೂ ಸಾಕ್ಷ್ಯವೇ. ಠಾಣೆ ಕೊಟ್ಟ ಹಿಂಬರಹವನ್ನು ಎಸೆಯಬೇಡಿ. ಪ್ರಕರಣ ಕೋರ್ಟಿನಲ್ಲಿದ್ದರೆ ನಕಲು ಅರ್ಜಿ ಹಾಕಿ ದೃಢೀಕೃತ ಪ್ರತಿ ಪಡೆಯಿರಿ. ಪ್ರಕರಣದ ಸ್ಥಿತಿ ಇ-ಕೋರ್ಟ್ಸ್ ಜಾಲತಾಣದಲ್ಲೂ ಸಿಗುತ್ತದೆ. ನೀವು ಕಳಿಸಿದ ಕಾಗದಕ್ಕೂ ಅಲ್ಲಿರುವ ದಾಖಲೆಗೂ ಹೊಂದಾಣಿಕೆ ಇರಬೇಕು.

*ಆಸ್ಪತ್ರೆ.* ಗಾಯದ ಪ್ರಮಾಣಪತ್ರ, ಒಳರೋಗಿ ಚೀಟಿ, ಎಕ್ಸ್‌ರೇ. ತಾರೀಖು ಸ್ಪಷ್ಟವಾಗಿರಲಿ.

*ಪ್ರಮಾಣಪತ್ರಗಳು.* ಕಣ್ಣಾರೆ ಕಂಡವರು ಕಂಡಷ್ಟನ್ನೇ ಹೇಳಿ ನೋಟರಿ ಮುಂದೆ ಸಹಿ ಮಾಡಲಿ. ಐದು ಜನ ಒಂದೇ ಮಾತನ್ನು ಒಂದೇ ವಾಕ್ಯದಲ್ಲಿ ಬರೆದುಕೊಟ್ಟರೆ ಐವರನ್ನೂ ನಂಬುವುದಿಲ್ಲ.

*ಅನುವಾದ.* ಕನ್ನಡದ ಪ್ರತಿಯೊಂದು ಕಾಗದಕ್ಕೂ ಇಂಗ್ಲಿಷ್ ಅಥವಾ ಫ್ರೆಂಚ್ ಅನುವಾದ ಮತ್ತು ಅನುವಾದಕರ ಘೋಷಣೆ ಬೇಕು.

ನಮ್ಮ ನಾಲ್ಕು ತಾಲ್ಲೂಕಿನವರು ವಿಶೇಷವಾಗಿ ಎಚ್ಚರ ವಹಿಸಬೇಕಾದ ಸಂಗತಿಗಳಿವೆ. ದಾವಣಗೆರೆ ಜಿಲ್ಲೆ ಆದದ್ದು 1997ರ ಆಗಸ್ಟ್ 15ರಂದು. ಅದಕ್ಕೆ ಮುಂಚಿನ ಕಾಗದದಲ್ಲಿ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿವೆ, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿದೆ. ನ್ಯಾಮತಿಯವರದ್ದು ಇನ್ನೂ ಒಂದು ಹೆಜ್ಜೆ ಮುಂದೆ. ತಂದೆಯ ಕಾಗದದಲ್ಲಿ ಶಿವಮೊಗ್ಗ ಜಿಲ್ಲೆ ಹೊನ್ನಾಳಿ ತಾಲ್ಲೂಕು, ಮಗನ ಶಾಲಾ ದಾಖಲೆಯಲ್ಲಿ ದಾವಣಗೆರೆ ಜಿಲ್ಲೆ ಹೊನ್ನಾಳಿ ತಾಲ್ಲೂಕು, ಈಚಿನ ಎಫ್‌ಐಆರ್‌ನಲ್ಲಿ ನ್ಯಾಮತಿ ತಾಲ್ಲೂಕು. ಮೂರೂ ನಿಜ. ಆದರೆ ಟೊರಾಂಟೊದಲ್ಲಿ ಕೂತು ಓದುವವರಿಗೆ ಮೂರು ಬೇರೆ ಊರುಗಳಂತೆ ಕಾಣುತ್ತವೆ. ಒಂದು ಪ್ರಮಾಣಪತ್ರದಲ್ಲಿ ಇದನ್ನು ನಾಲ್ಕು ಸಾಲಿನಲ್ಲಿ ವಿವರಿಸಿಬಿಡಿ.

ಹೆಸರೂ ಹಾಗೆಯೇ. ಊರಿನ ಅಕ್ಷರ, ತಂದೆಯ ಅಕ್ಷರ ಸೇರಿದ ಇನಿಷಿಯಲ್ ಪಾಸ್‌ಪೋರ್ಟಿನಲ್ಲಿ ಬಿಡಿಸಿಕೊಂಡಿರುತ್ತದೆ, ಆಸ್ಪತ್ರೆಯ ಚೀಟಿಯಲ್ಲಿ ಇರುವುದೇ ಇಲ್ಲ. ಸಂಬಂಧದ ಮಾತು ಇನ್ನೂ ಸೂಕ್ಷ್ಮ. ದೊಡ್ಡಪ್ಪನ ಮಗನನ್ನು ನಾವು ಅಣ್ಣ ಎನ್ನುತ್ತೇವೆ. ಅನುವಾದದಲ್ಲಿ ಅವನು ಒಡಹುಟ್ಟಿದವನಾಗುತ್ತಾನೆ, ಅರ್ಜಿಯ ಕುಟುಂಬದ ಪಟ್ಟಿಯಲ್ಲಿ ಅಂಥ ಒಡಹುಟ್ಟಿದವನೇ ಇರುವುದಿಲ್ಲ. ಇಂಥ ಒಂದು ಮಾತಿನಿಂದ ಇಡೀ ಹೇಳಿಕೆಯ ಮೇಲೆ ಅನುಮಾನ ಬೀಳುತ್ತದೆ. 'ದೊಡ್ಡಪ್ಪನ ಮಗ' ಎಂದೇ ಬರೆಸಿ. 'ಯುಗಾದಿ ಕಳೆದ ವಾರ' ಎಂಬುದನ್ನು ಪಂಚಾಂಗ ನೋಡಿ ತಾರೀಖಿಗೆ ತಂದು ಕೊಡಿ. ವಿಚಾರಣೆಗೆ ಹಿಂದಿಯವರಲ್ಲ, ಕನ್ನಡದ ದುಭಾಷಿಯೇ ಬೇಕೆಂದು ಮಕ್ಕಳು ಮೊದಲೇ ಕೇಳಲಿ.

ಗಡೀಪಾರು, ತಡೆ, ಹೆಸರಿನ ಗುಟ್ಟು

ಮೇಲ್ಮನವಿ ವಿಭಾಗದ ತೀರ್ಮಾನದ ಮೇಲೆ ಗಡುವಿನೊಳಗೆ ಕೋರ್ಟಿಗೆ ಹೋದರೆ, ಕೋರ್ಟು ನಿರ್ಧರಿಸುವವರೆಗೆ ದೇಶದಿಂದ ಕಳಿಸುವುದಕ್ಕೆ ಸಾಮಾನ್ಯವಾಗಿ ತಾನಾಗಿಯೇ ತಡೆ ಇರುತ್ತದೆ. ಮೇಲ್ಮನವಿಯ ಹಕ್ಕಿಲ್ಲದೆ ನೇರ ಕೋರ್ಟಿಗೆ ಹೋದವರಿಗೆ ಆ ತಡೆ ಇಲ್ಲ. ಅವರು ಪ್ರತ್ಯೇಕ ತಡೆಯಾಜ್ಞೆ ಕೇಳಬೇಕು. ಗಂಭೀರ ಪ್ರಶ್ನೆ ಇದೆ, ಕಳಿಸಿದರೆ ತುಂಬಲಾಗದ ಹಾನಿ ಆಗುತ್ತದೆ, ತೂಗಿ ನೋಡಿದರೆ ನ್ಯಾಯ ತನ್ನ ಕಡೆಗಿದೆ ಎಂಬ ಮೂರನ್ನೂ ತೋರಿಸಬೇಕು.

ಮಂಡಳಿಯ ವಿಚಾರಣೆ ಗುಟ್ಟಾಗಿ ನಡೆಯುತ್ತದೆ. ಕೋರ್ಟಿನದ್ದು ಬಹಿರಂಗ, ತೀರ್ಪು ಅಂತರ್ಜಾಲದಲ್ಲಿ ಬರುತ್ತದೆ. ಊರಿನಲ್ಲಿರುವವರಿಗೆ ಅಪಾಯವಿದ್ದರೆ ಹೆಸರು ಮರೆಮಾಡುವ ಆದೇಶವನ್ನು ಅರ್ಜಿ ಸಲ್ಲಿಸುವಾಗಲೇ ಕೇಳುವಂತೆ ವಕೀಲರಿಗೆ ಹೇಳಿ.

ಬೇರೆ ದೇಶಗಳಲ್ಲಿ

ಅಮೆರಿಕದಲ್ಲಿ ವಲಸೆ ಮೇಲ್ಮನವಿ ಮಂಡಳಿಯ ಆದೇಶದ ಮೇಲೆ ಫೆಡರಲ್ ಸರ್ಕ್ಯೂಟ್ ಕೋರ್ಟಿಗೆ ಹೋಗಲು 30 ದಿನ. ಆಸ್ಟ್ರೇಲಿಯಾದಲ್ಲಿ, 2024ರ ಅಕ್ಟೋಬರ್‌ನಲ್ಲಿ ಆರಂಭವಾದ ಆಡಳಿತ ಪರಿಶೀಲನಾ ನ್ಯಾಯಮಂಡಳಿಯ ತೀರ್ಮಾನದ ಮೇಲೆ ಕೋರ್ಟಿಗೆ 35 ದಿನ. ಬ್ರಿಟನ್ನಿನಲ್ಲಿ ಅಲ್ಲಿದ್ದುಕೊಂಡೇ ಮೊದಲ ಮೇಲ್ಮನವಿ ಸಲ್ಲಿಸಲು 14 ದಿನ. ಕೆನಡಾದಲ್ಲೂ ನಿಯಮಗಳು ಬಿಗಿಯಾಗುತ್ತಿವೆ. ದೇಶಕ್ಕೆ ಬಂದು ಒಂದು ವರ್ಷ ಕಳೆದ ಮೇಲೆ ಹಾಕಿದ ಅರ್ಜಿಯನ್ನು ಮಂಡಳಿಗೇ ಕಳಿಸಬಾರದು ಎಂಬ ಪ್ರಸ್ತಾಪದ ಮಸೂದೆಯನ್ನು ಅಲ್ಲಿನ ಸರ್ಕಾರ 2025ರ ಜೂನ್ 3ರಂದು ಮಂಡಿಸಿತು. ಓದಲು ಹೋಗಿ ಎರಡು ಮೂರು ವರ್ಷ ಆದವರಿಗೆ ಇದು ನೇರವಾಗಿ ತಟ್ಟುವ ಸಂಗತಿ. ಅರ್ಜಿಗೆ ಸಹಿ ಹಾಕುವ ಮೊದಲು ಆ ದಿನ ಜಾರಿಯಲ್ಲಿರುವ ನಿಯಮವನ್ನು ವಕೀಲರ ಬಾಯಿಂದಲೇ ಕೇಳಬೇಕು.

ಕಟ್ಟುಕಥೆಗೆ ಸಹಿ ಬೇಡ

'ವೀಸಾ ಮುಗಿಯುತ್ತಾ ಬಂತು, ರಾಜಕೀಯ ಕಿರುಕುಳ ಅಂತ ಒಂದು ಅರ್ಜಿ ಹಾಕಿದರೆ ಕೇಸು ನಡೆಯುವಷ್ಟು ದಿನ ಇರಬಹುದು' ಎಂದು ಯಾರಾದರೂ ಹೇಳಿದರೆ, ಮನೆಯವರು ಖಂಡಿತವಾಗಿ ಬೇಡವೆನ್ನಬೇಕು. ಸುಳ್ಳು ಮಾಹಿತಿ ಕೊಟ್ಟದ್ದು ಸಾಬೀತಾದರೆ ಐದು ವರ್ಷ ಕೆನಡಾಕ್ಕೆ ಪ್ರವೇಶವಿಲ್ಲ. ಸಿಕ್ಕ ಆಶ್ರಯವನ್ನೂ ಮುಂದೊಂದು ದಿನ ರದ್ದುಮಾಡಬಹುದು. ನಿಜವಾಗಿ ಆಶ್ರಯ ಪಡೆದವರು ಕೂಡ ಭಾರತದ ಪಾಸ್‌ಪೋರ್ಟ್ ನವೀಕರಿಸಿಕೊಂಡು ಊರಿನ ಮಾರಿಹಬ್ಬಕ್ಕೆ ಬಂದು ಹೋದರೆ, ರಕ್ಷಣೆ ಇನ್ನು ಬೇಕಿಲ್ಲ ಎಂದು ಅದನ್ನು ಕಳೆದುಕೊಳ್ಳುವ ಸಂಭವವಿದೆ. ತಾಯಿಗೆ ಹುಷಾರಿಲ್ಲದಾಗ ಬರಲಾಗದ ಬದುಕನ್ನು ಒಂದು ಕಟ್ಟುಕಥೆಗಾಗಿ ಯಾಕೆ ಆರಿಸಿಕೊಳ್ಳಬೇಕು?

ಇದರಿಂದ ಇನ್ನೊಬ್ಬರಿಗೂ ಅನ್ಯಾಯವಾಗುತ್ತದೆ. ನಿಜವಾಗಿ ಜೀವ ಉಳಿಸಿಕೊಳ್ಳಲು ಓಡಿಬಂದವರು ಹೇಗಿರುತ್ತಾರೆಂದು ಕನ್ನಡ ನಾಡಿಗೆ ಗೊತ್ತು. 1960ರ ದಶಕದಿಂದ ಬೈಲಕುಪ್ಪೆ, ಮುಂಡಗೋಡಿನಲ್ಲಿ ಟಿಬೆಟನ್ನರಿಗೆ ನೆಲ ಕೊಟ್ಟವರು ನಾವು. ಭಾರತ 1951ರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಕಾನೂನನ್ನೂ ಮಾಡಿಲ್ಲ. ಆದರೂ ಸಂವಿಧಾನದ 21ನೇ ವಿಧಿಯ ಜೀವದ ಹಕ್ಕು ವಿದೇಶಿಯರಿಗೂ ಇದೆ ಎಂದು ನಮ್ಮ ನ್ಯಾಯಾಲಯಗಳು ಹೇಳಿವೆ. ಒಂದೊಂದು ಸುಳ್ಳು ಅರ್ಜಿಯೂ ಅಂಥವರ ಮಾತಿನ ತೂಕವನ್ನು ಕಡಿಮೆ ಮಾಡುತ್ತದೆ.

ಏಜೆಂಟನಿಂದ ಮೋಸ ಹೋಗಿದ್ದರೆ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಅದು ಬೇರೆ ಊರಿನ ವ್ಯಾಪ್ತಿ ಎಂದು ವಾಪಸ್ ಕಳಿಸುವಂತಿಲ್ಲ. ಹಣ ಕೊಟ್ಟ ರಸೀದಿ, ಬ್ಯಾಂಕ್ ದಾಖಲೆ, ವಾಟ್ಸ್ಯಾಪ್ ಸಂದೇಶಗಳನ್ನು ಅಳಿಸಬೇಡಿ. ಉಚಿತ ಕಾನೂನು ಸಲಹೆಗೆ 15100 ಸಂಖ್ಯೆಗೆ ಕರೆ ಮಾಡಿ.

ಎಲ್ಲ ದಾರಿ ಮುಗಿದ ಮೇಲೆ

ಕೋರ್ಟೂ ನಿರಾಕರಿಸಿದರೆ ದೇಶ ಬಿಡುವ ಆದೇಶ ಜಾರಿಗೆ ಬರುತ್ತದೆ. ಅದು ಜಾರಿಗೆ ಬಂದ 30 ದಿನದೊಳಗೆ ಗಡಿ ಅಧಿಕಾರಿಗಳಿಂದ ಪ್ರಮಾಣಪತ್ರ ಪಡೆದು ತಾನಾಗಿ ಹೊರಟರೆ, ಮುಂದೆ ನಿಯಮದಂತೆ ಮತ್ತೆ ಹೋಗುವ ಬಾಗಿಲು ತೆರೆದಿರುತ್ತದೆ. ಆ ಗಡುವು ಮೀರಿದರೆ ಅದೇ ಆದೇಶ ಗಡೀಪಾರು ಆಗುತ್ತದೆ, ಮತ್ತೆ ಪ್ರವೇಶಿಸಲು ವಿಶೇಷ ಅನುಮತಿ ಬೇಕಾಗುತ್ತದೆ. ಕಳಿಸುವ ಮುನ್ನ ಅಪಾಯವನ್ನು ಅಳೆಯುವ ಇನ್ನೊಂದು ಅರ್ಜಿ ಇದೆ. ಕೊನೆಯ ವಜಾ ಆದೇಶದಿಂದ 12 ತಿಂಗಳು ಕಳೆಯುವವರೆಗೆ ಸಾಮಾನ್ಯವಾಗಿ ಅದನ್ನು ಹಾಕಲಾಗದು.

ಇಲ್ಲಿ ಅಪ್ಪ ಅಮ್ಮಂದಿರ ಒಂದು ಮಾತು ದೊಡ್ಡದು. ಅಡಿಕೆ ತೋಟವನ್ನೋ ಮನೆಯನ್ನೋ ಅಡವಿಟ್ಟು ಕಳಿಸಿದವರು 'ಸಾಲ ತೀರದೆ ಬರಬೇಡ' ಎಂದು ಬಾಯಿಬಿಟ್ಟು ಹೇಳದಿದ್ದರೂ ಮಕ್ಕಳಿಗೆ ಹಾಗೆಯೇ ಕೇಳಿಸುತ್ತದೆ. ಸುಳ್ಳು ಅರ್ಜಿಗೂ ಕದ್ದು ಉಳಿಯುವುದಕ್ಕೂ ಆ ಭಯವೇ ಅವರನ್ನು ನೂಕುತ್ತದೆ. ನಿಜವಾದ ಅಪಾಯವಿದ್ದರೆ ಕಾಗದ ಹುಡುಕಿ ಕೊಟ್ಟು ಕೊನೆಯ ಕೋರ್ಟಿನವರೆಗೂ ಅವರ ಬೆನ್ನಿಗೆ ನಿಲ್ಲಿ. ಅಪಾಯ ಇಲ್ಲದಿದ್ದರೆ ಈ ವಾರದ ಫೋನಿನಲ್ಲಿ ಮಗನಿಗೋ ಮಗಳಿಗೋ ಇಷ್ಟು ಹೇಳಿ: 'ಸಾಲದ ವಿಷಯ ನಾವಿಲ್ಲಿ ಕೂತು ಮಾತಾಡಿಕೊಳ್ಳೋಣ. ನೀನು ಸುಳ್ಳು ಬರೆದು ಸಹಿ ಹಾಕಬೇಡ. ಬರಬೇಕು ಅನ್ನಿಸಿದರೆ ಬಾ.'